ಪ್ರತಿ ಪಟ್ಟಿಯಲ್ಲಿ ಇಲ್ಲದವರು

ನಮ್ಮ ಮನೆಯ ಕಪಾಟಿನಲ್ಲಿ ನೂರು ಪುಟದ ಒಂದು ನೋಟ್‌ಬುಕ್ ಇದೆ. ಕಂದು ಕಾಗದದ ಹೊದಿಕೆ ಹಾಕಿ, ಚೀಟಿ ಅಂಟಿಸಿ, ಮಗಳ ಹೆಸರು, ತರಗತಿ 1, ವಿಷಯ ಹಿಂದಿ ಎಂದು ನಾನೇ ಬರೆದದ್ದು. ಒಳಗೆ ಒಂದೂವರೆ ಪುಟದಷ್ಟು ಅಕ್ಷರಗಳಿವೆ, ಉಳಿದದ್ದೆಲ್ಲ ಖಾಲಿ. 2025ರ ಜೂನ್ 16ರಂದು ಶಾಲೆ ತೆರೆದ ವಾರ ಆ ಪುಸ್ತಕ ಬೇಕೆಂದು ಬಂದು ಹೇಳಿದವಳು ಮಗಳು. ಜುಲೈ ಮೊದಲ ವಾರ ಅದನ್ನು ತರುವುದು ಬೇಡವೆಂದು ಹೇಳಿದವಳೂ ಅವಳೇ. ಯಾಕೆ ಬೇಕು ಎಂದು ಕೇಳಿದಾಗ "ಟೀಚರ್ ಹೇಳಿದರು" ಎಂದಳು. ಯಾಕೆ ಬೇಡ ಎಂದು ಕೇಳಿದಾಗಲೂ ಅದೇ ಉತ್ತರ. "ಅಕ್ಷರ ಎಲ್ಲಾ ಮರಾಠಿಯದೇ ಅಪ್ಪಾ, ಪುಸ್ತಕ ಮಾತ್ರ ಯಾಕೆ ಬೇರೆ?" ಎಂದು ಅವಳೇ ನನ್ನನ್ನು ತಿರುಗಿ ಕೇಳಿದಳು. ಒಂದು ರಾಜ್ಯದ ಶಿಕ್ಷಣ ನೀತಿ ನನ್ನ ಮನೆಯನ್ನು ಪ್ರವೇಶಿಸಿದ್ದೂ ನಿರ್ಗಮಿಸಿದ್ದೂ ಆರು ವರ್ಷದ ಹುಡುಗಿಯ ಬಾಯಿಂದ. ಶಾಲೆಯಿಂದ ನನ್ನ ಹೆಸರಿಗೆ ಒಂದು ಸಾಲಿನ ಕಾಗದವೂ ಬರಲಿಲ್ಲ.

ಕರ್ನಾಟಕದಲ್ಲಿರುವ ಓದುಗರಿಗೆ ಈ ಪ್ರಕರಣದ ತಾರೀಖುಗಳು ನೆನಪಿರಲಾರವು; ಹೊರನಾಡಿನ ನಮಗೂ ಈಗ ಕಲಸಿಹೋಗಿವೆ. ಆದ್ದರಿಂದ ಒಮ್ಮೆ ಸಾಲಾಗಿ ಇಡುತ್ತೇನೆ. 2025ರ ಏಪ್ರಿಲ್ 16ರಂದು ಮಹಾರಾಷ್ಟ್ರ ಸರ್ಕಾರ ಒಂದು ನಿರ್ಣಯ ಹೊರಡಿಸಿತು. ರಾಷ್ಟ್ರೀಯ ಶಿಕ್ಷಣ ನೀತಿಯ ಅನ್ವಯ ಮರಾಠಿ ಮತ್ತು ಇಂಗ್ಲಿಷ್ ಮಾಧ್ಯಮದ ಶಾಲೆಗಳಲ್ಲಿ ಒಂದನೆಯ ತರಗತಿಯಿಂದಲೇ ಹಿಂದಿ ಮೂರನೆಯ ಕಡ್ಡಾಯ ಭಾಷೆ ಎಂದು ಅದರ ಸಾರಾಂಶ. ಗದ್ದಲವೆದ್ದಿತು. ಏಪ್ರಿಲ್ 22ರಂದು ಶಾಲಾ ಶಿಕ್ಷಣ ಸಚಿವ ದಾದಾ ಭುಸೆಯವರು 'ಕಡ್ಡಾಯ' ಎಂಬ ಪದಕ್ಕೆ ತಡೆ ನೀಡಲಾಗಿದೆಯೆಂದು ಪತ್ರಕರ್ತರಿಗೆ ಹೇಳಿದರು. (ಅವರು ಇದೇ ನಾಸಿಕ್ ಜಿಲ್ಲೆಯ ಮಾಲೆಗಾಂವ್ ಕಡೆಯವರು, ಆದರೂ ಸುದ್ದಿ ನಮಗೆ ತಲುಪಿದ್ದು ಮುಂಬೈ ಸುತ್ತಿಕೊಂಡೇ.) ತಿದ್ದಿದ ಲಿಖಿತ ಆದೇಶ ಬಂದದ್ದು ಜೂನ್ 17ಕ್ಕೆ, ಅಂದರೆ ಶಾಲೆ ತೆರೆದ ಮರುದಿನ. ಹಿಂದಿ 'ಸಾಮಾನ್ಯವಾಗಿ' ಮೂರನೆಯ ಭಾಷೆ. ಒಂದು ತರಗತಿಯಲ್ಲಿ ಕನಿಷ್ಠ 20 ಮಕ್ಕಳು ಬೇರೊಂದು ಭಾರತೀಯ ಭಾಷೆ ಬೇಕೆಂದರೆ ಅದನ್ನು ಕಲಿಸಬಹುದು ಎಂದು ಅದು ಹೇಳಿತು. ಮುಂದೆ ಜೂನ್ 29ರ ಭಾನುವಾರ, ವಿಧಾನಮಂಡಲದ ಮಳೆಗಾಲದ ಅಧಿವೇಶನದ ಹಿಂದಿನ ದಿನ, ಎರಡೂ ಆದೇಶಗಳನ್ನು ಹಿಂತೆಗೆದುಕೊಂಡು ಡಾ. ನರೇಂದ್ರ ಜಾಧವ್ ಅವರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ಘೋಷಿಸಲಾಯಿತು. ಜುಲೈ 5ರಂದು ಮುಂಬೈಯ ವರ್ಲಿಯಲ್ಲಿ ಠಾಕ್ರೆ ಸೋದರರು ಎಷ್ಟೋ ವರ್ಷಗಳ ಬಳಿಕ ಒಂದೇ ವೇದಿಕೆಗೆ ಬಂದು ವಿಜಯೋತ್ಸವ ಆಚರಿಸಿದರು.

ಈ ಎರಡೂವರೆ ತಿಂಗಳಲ್ಲಿ ಹಿಂದಿಯ ಪರ ಮಾತಾಡಿದವರಿದ್ದಾರೆ, ವಿರುದ್ಧ ಮಾತಾಡಿದವರಿದ್ದಾರೆ, ಹಿಂದಿನ ಸರ್ಕಾರ ಯಾವ ವರದಿಗೆ ಸಹಿ ಹಾಕಿತ್ತೆಂದು ಕೆದಕಿದವರಿದ್ದಾರೆ. ಒಂದನೆಯ ತರಗತಿಗೆ ಮಗುವನ್ನು ಸೇರಿಸಿದ ತಾಯಿತಂದೆಯರಿಗೆ "ನಿಮ್ಮ ಮಗುವಿಗೆ ಈ ಸೋಮವಾರದಿಂದ ಏನಾಗುತ್ತದೆ" ಎಂದು ಹೇಳಿದವರು ಮಾತ್ರ ನನಗೆ ಕಾಣಲಿಲ್ಲ. ನನ್ನ ತಕರಾರು ಇದೊಂದೇ.

ನಾನು ಕೇಂದ್ರ ಸರ್ಕಾರದ ನೌಕರ. 1964ರ ನಡತೆ ನಿಯಮಗಳಲ್ಲಿ 9ನೆಯ ನಿಯಮವೊಂದಿದೆ: ಹೆಸರು ಹಾಕಿ ಬರೆದರೂ ಹಾಕದೆ ಬರೆದರೂ ಕೇಂದ್ರದ ಅಥವಾ ಯಾವುದೇ ರಾಜ್ಯದ ನೀತಿಯನ್ನು ನೌಕರನು ಪ್ರತಿಕೂಲವಾಗಿ ವಿಮರ್ಶಿಸಕೂಡದು. ಅದನ್ನು ಗೌರವಿಸುತ್ತೇನೆ. ಹೀಗಾಗಿ ಮೂರನೆಯ ಭಾಷೆ ಒಂದನೆಯ ತರಗತಿಗೆ ಬೇಕೋ ಬೇಡವೋ, ಅದು ಹಿಂದಿಯೇ ಆಗಬೇಕೋ ಎಂಬ ಚರ್ಚೆಗೆ ನಾನು ಇಳಿಯುವುದಿಲ್ಲ. ಕಾಗದ ಬರೆಯುವುದರ ಬಗ್ಗೆ ಮಾತ್ರ ಮಾತಾಡುತ್ತೇನೆ. ಅದು ನನ್ನ ಕಸುಬು. ಇಪ್ಪತ್ತು ವರ್ಷಗಳಿಂದ ಟಿಪ್ಪಣಿ ಬರೆದು, ಕರಡು ತಿದ್ದಿ, ಸುತ್ತೋಲೆ ಹೊರಡಿಸಿಯೇ ಅನ್ನ ತಿಂದಿದ್ದೇನೆ. ಎಂ.ಎ.ಯಲ್ಲಿ ಡಿಕನ್ಸನ 'ಲಿಟಲ್ ಡಾರಿಟ್' ಓದುವಾಗ ಅದರ ಸರ್ಕಮ್‌ಲೊಕ್ಯೂಷನ್ ಆಫೀಸಿನ ಅಧ್ಯಾಯಕ್ಕೆ ನಾವು ಬಿದ್ದು ಬಿದ್ದು ನಕ್ಕಿದ್ದೆವು. ನೌಕರಿಗೆ ಸೇರಿದ ಮೇಲೆ ಆ ಅಧ್ಯಾಯ ಮತ್ತೆ ಓದಿಲ್ಲ.

ಕಸುಬುದಾರನಾಗಿ ಹೇಳುವುದಾದರೆ, ಯಾವುದೇ ಸರ್ಕಾರಿ ಆದೇಶದ ಅತ್ಯಂತ ಸತ್ಯವಾದ ಭಾಗ ಅದರ ಕೊನೆಯಲ್ಲಿರುತ್ತದೆ. ಸಹಿಯ ಕೆಳಗೆ 'ಪ್ರತಿ' ಎಂದು ಬರೆದು ಯಾರು ಯಾರಿಗೆ ಕಾಗದ ಹೋಗಬೇಕೆಂದು ಪಟ್ಟಿ ಮಾಡುತ್ತೇವಲ್ಲ, ಅಲ್ಲಿ. ಮಂತ್ರಿಗಳ ಆಪ್ತ ಕಾರ್ಯದರ್ಶಿ, ಆಯುಕ್ತರು, ನಿರ್ದೇಶಕರು, ಜಿಲ್ಲಾ ಶಿಕ್ಷಣಾಧಿಕಾರಿಗಳು, ಕೊನೆಗೆ 'ಆಯ್ಕೆ ಕಡತ'. ಕಡತಕ್ಕೂ ಒಂದು ಪ್ರತಿ ಇರುತ್ತದೆ! ಆ ಪಟ್ಟಿಯಲ್ಲಿ ಇರುವವರ ಮೇಲೆ ಆದೇಶ ತಲುಪಿಸುವ ಹೊಣೆಯಿದೆ, ಇಲ್ಲದವರಿಗೆ ಅದು ಗಾಳಿಸುದ್ದಿ. ಶಾಲೆಯ ಬದಲಾವಣೆಯ ಯಾವ ಆದೇಶದಲ್ಲೂ 'ಒಂದನೆಯ ತರಗತಿಯ ಪಾಲಕರಿಗೆ, ಮುಖ್ಯಾಧ್ಯಾಪಕರ ಮೂಲಕ' ಎಂಬ ಸಾಲನ್ನು ನಾನು ನೋಡಿಲ್ಲ. ಈ ಸಾಲನ್ನು ಸೇರಿಸಲು ಕಾನೂನು ತಿದ್ದಬೇಕಿಲ್ಲ, ಬಜೆಟ್ ಬೇಕಿಲ್ಲ. ಕರಡು ಬರೆಯುವ ಗುಮಾಸ್ತನಿಗೆ ಹೊಳೆಯಬೇಕು, ಅಷ್ಟೆ.

ನಮ್ಮ ಊರಿನಲ್ಲಿ, ವಿಜಯಪುರ ಜಿಲ್ಲೆಯಲ್ಲಿ, ನಾನು ಚಿಕ್ಕವನಿದ್ದಾಗ ತಳವಾರ ಹಲಗೆ ಬಾರಿಸುತ್ತ ಓಣಿಗಳಲ್ಲಿ ಹೋಗುತ್ತಿದ್ದ. ರೇಷನ್ ಬಂದರೆ, ಸೂಜಿ ಚುಚ್ಚುವವರು ಬಂದರೆ, ಶಾಲೆಗೆ ಹೆಸರು ಹಚ್ಚುವ ದಿನ ಬಂದರೆ ಡಂಗುರ. ಅವನ ವಾಕ್ಯ ಯಾವಾಗಲೂ ಮೂರೇ ತುಂಡು: ಏನು, ಎಂದು, ಎಲ್ಲಿ. ಓದು ಬಾರದ ನನ್ನ ಅಜ್ಜಿಗೆ ಅವನ ಕೂಗಿನಿಂದ ತಿಳಿಯುತ್ತಿದ್ದಷ್ಟು ಸ್ಪಷ್ಟವಾಗಿ ಈ ಕಾಲದಲ್ಲಿ ನನಗೆ, ಎಂ.ಎ. ಓದಿದವನಿಗೆ, ಮಗಳ ಶಾಲೆಯ ಸಂಗತಿ ತಿಳಿಯುತ್ತಿಲ್ಲ. ಪಾಲಕರ ವಾಟ್ಸ್‌ಆ್ಯಪ್ ಗುಂಪಿದೆಯಲ್ಲ ಎನ್ನುವವರಿದ್ದಾರೆ. ಇದೆ. ಆ ಗುಂಪಿನಲ್ಲಿ ಶಾಲೆ ಬರೆಯುತ್ತಿದ್ದುದು ಬೂಟಿನ ಬಣ್ಣ, ಡಬ್ಬಿಯ ತಿಂಡಿ, ಬಸ್ಸಿನ ವೇಳೆ. ಹಿಂದಿಯ ಬಗ್ಗೆ ಬರೆಯುತ್ತಿದ್ದವರು ಪಾಲಕರೇ, ಟಿವಿಯ ಪರದೆಯ ಫೋಟೊ ತೆಗೆದು ತೆಗೆದು. ಒಬ್ಬರು ಏಪ್ರಿಲ್ ತಿಂಗಳ ಸುದ್ದಿಯನ್ನು ಜೂನ್ 20ರಂದು ಹಾಕಿದರು. ಇನ್ನೊಬ್ಬರು ಅದಕ್ಕೆ ಸಿಟ್ಟಿನಿಂದ ಉತ್ತರಿಸಿದರು. ಶಾಲೆ ನಡುವೆ ಬಂದು ಗುಂಪನ್ನು 'ಅಡ್ಮಿನ್ ಮಾತ್ರ' ಎಂದು ಬದಲಿಸಿತು. ಆಮೇಲೆ ಅಡ್ಮಿನ್ನೂ ಮಾತಾಡಲಿಲ್ಲ.

ಈಗ ನನ್ನ ಓದುಗರಿಗೆ, ಅಂದರೆ ಹೊರನಾಡ ಕನ್ನಡಿಗರಿಗೆ, ಎಲ್ಲಕ್ಕಿಂತ ಹತ್ತಿರದ ಸಂಗತಿಗೆ ಬರುತ್ತೇನೆ. ಜೂನ್ 17ರ ಆದೇಶದ ಆ 20ರ ಷರತ್ತು. ಮರಾಠಿ ಅಥವಾ ಇಂಗ್ಲಿಷ್ ಮಾಧ್ಯಮದಲ್ಲಿ ಓದುವ ಮಗು ಮೂರನೆಯ ಭಾಷೆಯಾಗಿ ಕನ್ನಡವನ್ನೂ ಕೇಳಬಹುದೆಂದು ಮಹಾರಾಷ್ಟ್ರದ ಒಂದು ಆದೇಶ, ಹೆಸರು ಹೇಳದೆಯಾದರೂ, ಒಪ್ಪಿಕೊಂಡಿತ್ತು. ಅಕ್ಕಲಕೋಟೆ, ಜತ್ತದ ಕಡೆಯ ಕನ್ನಡ ಮಾಧ್ಯಮದ ಶಾಲೆಗಳ ಮಾತು ಬೇರೆ. ಅಲ್ಲಿ ಕನ್ನಡ, ಮರಾಠಿ, ಇಂಗ್ಲಿಷ್ ಮೂರೂ ಮೊದಲಿನಿಂದ ಇವೆ. ನಾಸಿಕದಲ್ಲಿ ಅಂಥ ಆಸರೆಯಿಲ್ಲ. ಇಲ್ಲಿ ನಾವು ಚದುರಿದವರು. ಓಝರ್‌ನ ಎಚ್‌ಎಎಲ್ ಕಾರ್ಖಾನೆಗೆ ಬೆಂಗಳೂರಿನಿಂದ ಬಂದು ನಿಂತವರು, ನಾಸಿಕ್ ರೋಡಿನ ನೋಟು ಮುದ್ರಣಾಲಯದ ಸುತ್ತ ನೆಲೆಸಿದವರು, ದೇವಳಾಲಿಯ ಸೈನ್ಯದ ನೆಲೆಯಲ್ಲಿರುವವರು, ಮೂರು ತಲೆಮಾರಿನಿಂದ ಉಡುಪಿ ಹೋಟೆಲು ನಡೆಸುವವರು. ಕವಿರಾಜಮಾರ್ಗ ಕನ್ನಡ ನಾಡಿನ ಬಡಗಣ ಎಲ್ಲೆಯೆಂದು ಹೆಸರಿಸುವ ಗೋದಾವರಿಯ ದಂಡೆಯಲ್ಲೇ ಇದ್ದೇವೆಂದು ರಾಜ್ಯೋತ್ಸವದ ಭಾಷಣಗಳಲ್ಲಿ ಹೆಮ್ಮೆಪಡುತ್ತೇವೆ. ಒಂದು ಶಾಲೆಯ ಒಂದು ತರಗತಿಯಲ್ಲಿ 20 ಕನ್ನಡ ಮಕ್ಕಳು ಸಿಗುವುದು ನಮಗೆ ಹೆಚ್ಚುಕಡಿಮೆ ಅಸಾಧ್ಯ, ಒಪ್ಪಿದೆ. ಆದರೆ ಎಣಿಸಿ ನೋಡಿದವರು ಯಾರು? ಯಾವ ಶಾಲೆ ಒಂದು ಅರ್ಜಿ ನಮೂನೆ ಕಳಿಸಿ "ನಿಮಗೆ ಯಾವ ಭಾಷೆ ಬೇಕು" ಎಂದು ಕೇಳಿತು? ಜೂನ್ 17ಕ್ಕೆ ಹುಟ್ಟಿದ ಆ ಹಕ್ಕು 29ಕ್ಕೆ ಸತ್ತಿತು. ಹನ್ನೆರಡು ದಿನ ಬದುಕಿತ್ತು. ಹುಟ್ಟಿದ್ದೂ ಸತ್ತದ್ದೂ ವಾರಸುದಾರರಿಗೆ ಗೊತ್ತಾಗಲಿಲ್ಲ.

ಇದು ನಮ್ಮ ದೇಶಕ್ಕೆ ಹೊಸ ಪ್ರಶ್ನೆಯೇನಲ್ಲ. 1949ರಲ್ಲಿ ಪ್ರಾಂತಗಳ ಶಿಕ್ಷಣ ಮಂತ್ರಿಗಳು ಸಮ್ಮೇಳನ ಸೇರಿ ಒಂದು ಸೂತ್ರ ಮಾಡಿದ್ದರು: ಇಡೀ ಶಾಲೆಯಲ್ಲಿ 40, ಇಲ್ಲವೇ ಒಂದು ತರಗತಿಯಲ್ಲಿ 10 ಮಕ್ಕಳಿದ್ದರೆ ಅವರ ತಾಯ್ನುಡಿಯಲ್ಲಿ ಕಲಿಸಲು ಒಬ್ಬ ಶಿಕ್ಷಕನನ್ನು ಕೊಡಬೇಕು. ಅದು ಕಲಿಕೆಯ ಮಾಧ್ಯಮದ ಮಾತು, ಇದು ಮೂರನೆಯ ಭಾಷೆಯ ಮಾತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಆದರೂ ಆ ಹಳೆಯ ವ್ಯವಸ್ಥೆಯ ಒಂದು ಅಂಗವನ್ನು ನೆನೆಯಲೇಬೇಕು. 1956ರಲ್ಲಿ ಸಂವಿಧಾನಕ್ಕೆ 350ಎ ವಿಧಿ ಸೇರಿ, ಭಾಷಾ ಅಲ್ಪಸಂಖ್ಯಾತರ ಆಯುಕ್ತರ ಹುದ್ದೆ ಬಂದ ಮೇಲೆ ರೂಪುಗೊಂಡ ರಕ್ಷಣಾ ಕ್ರಮಗಳಲ್ಲಿ ಮುಂಗಡ ನೋಂದಣಿಯ ಮಾತಿದೆ. ಶಾಲೆ ಆರಂಭವಾಗುವ ಮೂರು ತಿಂಗಳ ಮೊದಲೇ ಪಾಲಕರ ಭಾಷೆಯ ಅಪೇಕ್ಷೆಯನ್ನು ದಾಖಲಿಸಿಕೊಳ್ಳಬೇಕು, ಒಂದು ಶಾಲೆಯಲ್ಲಿ ಸಂಖ್ಯೆ ಸಾಲದಿದ್ದರೆ ಹತ್ತಿರದ ಶಾಲೆಗಳ ನಡುವೆ ಹೊಂದಿಸಿಕೊಳ್ಳಬೇಕು ಎಂದು. ಆ ಕಾಲದ ಅಧಿಕಾರಿಗಳು ಕಾರ್ಬನ್ ಕಾಗದ ಇಟ್ಟು ಟೈಪು ಮಾಡುತ್ತಿದ್ದವರು. ಅವರಿಗೆ ಗೊತ್ತಿತ್ತು, ಮೊದಲು ಕೇಳಬೇಕು, ಆಮೇಲೆ ಎಣಿಸಬೇಕು, ಅದಕ್ಕೂ ಮೊದಲು ಹೇಳಬೇಕು ಎಂದು. ಕ್ಷಣಾರ್ಧದಲ್ಲಿ ಲಕ್ಷ ಮೊಬೈಲುಗಳಿಗೆ ಸಂದೇಶ ಕಳಿಸಬಲ್ಲ ನಾವು ಶಾಲೆ ತೆರೆದ ಮರುದಿನ ಆಯ್ಕೆಯ ಆದೇಶ ಹೊರಡಿಸುತ್ತೇವೆ.

ಇದೆಲ್ಲ ಒಂದು ನೋಟ್‌ಬುಕ್ಕಿನ ನಷ್ಟದಲ್ಲಿ ಮುಗಿಯುವಂತಿದ್ದರೆ ನಾನು ಬರೆಯಲು ಕೂರುತ್ತಿರಲಿಲ್ಲ. ನಾಸಿಕಕ್ಕೆ ವರ್ಗವಾಗುವ ಮುನ್ನ ನಾಲ್ಕು ವರ್ಷ ನಾನು ಛತ್ರಪತಿ ಸಂಭಾಜಿನಗರದಲ್ಲಿದ್ದೆ, ಆಗಿನ್ನೂ ಎಲ್ಲರ ಬಾಯಲ್ಲಿ ಔರಂಗಾಬಾದ್. ಆ ಊರಿಗೂ ನಮ್ಮ ಕಲ್ಯಾಣ ಕರ್ನಾಟಕಕ್ಕೂ ಹಳೆಯ ನಂಟು. 1956ರವರೆಗೆ ಮರಾಠವಾಡ, ಬೀದರ, ಕಲಬುರಗಿ, ರಾಯಚೂರುಗಳೆಲ್ಲ ಒಂದೇ ಹೈದರಾಬಾದ್ ರಾಜ್ಯದಲ್ಲಿದ್ದವು. ಈಗಲೂ ಕಲಬುರಗಿ ಕಡೆಯವರು ಅಲ್ಲಿಗೆ ದುಡಿಯಲು ಹೋಗುತ್ತಾರೆ. ನಾನಿದ್ದ ಕಟ್ಟಡದ ಕಾವಲುಗಾರ ಅಫಜಲಪುರ ತಾಲೂಕಿನವನು. ಹೆಂಡತಿ ನಾಲ್ಕು ಮನೆಗಳಲ್ಲಿ ಪಾತ್ರೆ ತೊಳೆಯುತ್ತಿದ್ದಳು. ನನ್ನ ಕನ್ನಡ ಕೇಳಿ ಹತ್ತಿರವಾದವನು, ವರ್ಗವಾದ ಮೇಲೂ ಹಬ್ಬಕ್ಕೊಮ್ಮೆ ಫೋನು ಮಾಡುತ್ತಿದ್ದ. ಅವನ ಮಗ ಅಲ್ಲಿನ ಒಂದು ಮರಾಠಿ ಶಾಲೆಯಲ್ಲಿ ಒಂದನೆಯ ತರಗತಿಗೆ ಸೇರಿದ್ದ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ಮರಾಠಿ, ಜೊತೆಗೆ ಇಂಗ್ಲಿಷ್. ಜೂನ್ 20ರ ಸುಮಾರಿಗೆ ಫೋನು ಬಂತು. "ಸರ, ಹಿಂದಿ ಬರದಿದ್ರ ಹುಡುಗನ್ನ ಎರಡನೇತ್ತಾಕ ಬಿಡೂದಿಲ್ಲಂತ. ಊರಿಗೆ ಕಳಿಸ್ಲೇನ್ರಿ?" ಯಾರು ಹೇಳಿದರು ಎಂದೆ. ಓಣಿಯಲ್ಲಿ ಹೇಳಿದರು ಎಂದ. ಶಾಲೆಯಲ್ಲಿ ಕೇಳಿದೆಯಾ ಎಂದೆ. ಕೇಳಿದ್ದಾನೆ, ಅವನಿಗೆ ಅರ್ಥವಾದಷ್ಟು ಮರಾಠಿಯಲ್ಲಿ ಯಾರೋ "ಆದೇಶ ಬಂದಮೇಲೆ ನೋಡೋಣ" ಎಂದಿದ್ದಾರೆ.

2009ರ ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ ಒಂದನೆಯ ತರಗತಿಯ ಮಗುವನ್ನು ಯಾವ ವಿಷಯಕ್ಕೂ ಅನುತ್ತೀರ್ಣ ಮಾಡುವಂತಿಲ್ಲ. ಇದನ್ನು ಅವನಿಗೆ ಹೇಳಿದೆ. ಅವನು "ಹೌದ್ರೀ" ಎಂದ, ನಂಬಲಿಲ್ಲ. ದೂರದ ಊರಿನಿಂದ ಫೋನಿನಲ್ಲಿ ಹೇಳುವ ಒಬ್ಬ ಮನುಷ್ಯನಿಗಿಂತ ಎದುರಿಗಿರುವ ಓಣಿ ದೊಡ್ಡದು. ಶಾಲೆಯ ಮೊಹರು ಬಿದ್ದ ನಾಲ್ಕು ಸಾಲು ಅವನ ಕೈಯಲ್ಲಿದ್ದರೆ ಓಣಿಗೆ ತೋರಿಸುತ್ತಿದ್ದ. ಜೂನ್ 26ಕ್ಕೆ ಟಿ.ಸಿ. ತೆಗೆದುಕೊಂಡು ಮಗನನ್ನು ಊರಿಗೆ ಒಯ್ದು ಅಜ್ಜಿಯ ಬಳಿ ಬಿಟ್ಟ. ಮೂರು ದಿನದ ಮೇಲೆ ಆದೇಶ ರದ್ದಾಯಿತು. ಆ ಹುಡುಗನಿಗೆ ಆರು ವರ್ಷ. ತಾಯಿತಂದೆ ಇರುವುದು ಇನ್ನೊಂದು ರಾಜ್ಯದಲ್ಲಿ.

ಇದಕ್ಕೆ ಯಾರನ್ನು ಹೊಣೆ ಮಾಡುವುದು? ಆದೇಶ ಹೊರಡಿಸಿದವರು ವಾರ್ತಾಗೋಷ್ಠಿ ನಡೆಸಿದ್ದಾರೆ. ಶಾಲೆಯವರಿಗೆ ಆದೇಶ ಬಂದಿಲ್ಲ. ಪತ್ರಿಕೆಗಳು ಬರೆದಿವೆ. ಎಲ್ಲರೂ ತಮ್ಮ ತಮ್ಮ ಪ್ರತಿ ಪಟ್ಟಿಗೆ ನ್ಯಾಯ ಒದಗಿಸಿದ್ದಾರೆ.

ಅದೇ ಸಂಭಾಜಿನಗರದ ರೈಲು ನಿಲ್ದಾಣದ ಹೆಸರು 2025ರ ಅಕ್ಟೋಬರ್‌ನಲ್ಲಿ ಬದಲಾಯಿತು. ಹೊಸ ಹೆಸರೇನು, ಹೊಸ ಕೋಡ್ ಏನು, ಯಾವ ದಿನದಿಂದ, ಎಲ್ಲವನ್ನೂ ರೈಲ್ವೆ ಪ್ರಕಟಿಸಿತು. ಟಿಕೇಟು ತೆಗೆಯುವವನು ತಪ್ಪು ಊರಿನಲ್ಲಿ ಇಳಿಯಬಾರದೆಂಬ ಕಾಳಜಿ ಅದು, ಅದನ್ನು ಮೆಚ್ಚುತ್ತೇನೆ. ಪ್ರಯಾಣಿಕನಿಗೆ ಸಲ್ಲುವ ಈ ಮರ್ಯಾದೆ ಪಾಲಕನಿಗೇಕೆ ಸಲ್ಲಬಾರದು?

ಶಾಲೆಗಳ ವಾದವನ್ನು ನಾನು ಲಘುವಾಗಿ ಕಾಣುವುದಿಲ್ಲ. ಮಗಳ ಶಾಲೆಯ ಮುಖ್ಯಾಧ್ಯಾಪಕಿಯನ್ನು ಜುಲೈಯಲ್ಲಿ ಕಂಡಾಗ ಅವರು ಪ್ರಾಮಾಣಿಕವಾಗಿಯೇ ಹೇಳಿದರು: "ನಮಗೇ ಏನೂ ಗೊತ್ತಿರಲಿಲ್ಲ, ನಿಮಗೇನು ಹೇಳುವುದು? ಒಂದು ಹೇಳಿ ನಾಳೆ ಬೇರೆಯಾದರೆ ನೀವೇ ಜಗಳಕ್ಕೆ ಬರುತ್ತೀರಿ." ಈ ಮಾತಿನಲ್ಲಿ ಒಬ್ಬ ಬಡಪಾಯಿ ಮಧ್ಯವರ್ತಿಯ ಸಂಕಟವಿದೆ, ನನಗೆ ಅದು ಚೆನ್ನಾಗಿ ಗೊತ್ತು, ಮೇಲಿನ ಕಚೇರಿಯ ಮೌನಕ್ಕೆ ಕೆಳಗಿನ ಕಚೇರಿಯಲ್ಲಿ ಬೈಸಿಕೊಳ್ಳುವವನು ನಾನೂ ಹೌದು. ಆದರೆ ಗೊತ್ತಿಲ್ಲ ಎಂಬುದೂ ತಿಳಿಸಬೇಕಾದ ಸಂಗತಿಯೇ. ಅವರೆದುರಿಗೇ ಕುಳಿತು ಒಂದು ಕರಡು ಬರೆದು ತೋರಿಸಿದೆ. ಜೂನ್ 18ಕ್ಕೆ ಹೋಗಬಹುದಾಗಿದ್ದ ಕಾಗದ:

"ಒಂದನೆಯ ತರಗತಿಯ ಪಾಲಕರಿಗೆ. ಮೂರನೆಯ ಭಾಷೆಯ ಬಗ್ಗೆ ನಿನ್ನೆ ಹೊಸ ಆದೇಶ ಬಂದಿದೆ. ಅದರಂತೆ ಸಾಮಾನ್ಯವಾಗಿ ಹಿಂದಿ ಕಲಿಸಬೇಕು. ತರಗತಿಯ 20 ಮಕ್ಕಳು ಬೇರೆ ಭಾರತೀಯ ಭಾಷೆ ಕೇಳಿದರೆ ಅದಕ್ಕೂ ಅವಕಾಶವಿದೆ. ನಿಮ್ಮ ಅಪೇಕ್ಷೆಯನ್ನು ಕೆಳಗೆ ಬರೆದು ಒಂದು ವಾರದೊಳಗೆ ಕಳಿಸಿ. ಈ ಆದೇಶ ಬದಲಾಗುವ ಸಾಧ್ಯತೆಯೂ ಇದೆ, ಬದಲಾದ ದಿನವೇ ತಿಳಿಸುತ್ತೇವೆ. ಅಲ್ಲಿಯವರೆಗೆ ಹೊಸ ಪುಸ್ತಕ ಕೊಳ್ಳಬೇಡಿ. ಯಾವ ಮಗುವೂ ಈ ಕಾರಣದಿಂದ ಇದೇ ತರಗತಿಯಲ್ಲಿ ಉಳಿಯುವುದಿಲ್ಲ. ಸಂಶಯವಿದ್ದವರು ಸಂಜೆ ನಾಲ್ಕಕ್ಕೆ ಕಚೇರಿಗೆ ಬನ್ನಿ."

ಅವರು ಓದಿ, "ಚೆನ್ನಾಗಿದೆ, ಆದರೆ ಇದಕ್ಕೆ ಸಹಿ ಹಾಕಲು ನನಗೆ ಯಾರು ಅನುಮತಿ ಕೊಡುತ್ತಾರೆ?" ಎಂದರು. ಅಲ್ಲಿಗೆ ಮಾತು ಬಂದು ನಿಂತಿತು. ಬೂಟಿನ ಬಣ್ಣಕ್ಕೆ ಅನುಮತಿ ಬೇಕಿರಲಿಲ್ಲ.

ಅನುಮತಿಯ ಪ್ರಶ್ನೆಗೆ ಉತ್ತರ 20 ವರ್ಷಗಳಿಂದ ಕಾನೂನಿನ ಪುಸ್ತಕದಲ್ಲಿದೆ. 2005ರ ಮಾಹಿತಿ ಹಕ್ಕು ಕಾಯ್ದೆ ಎಂದೊಡನೆ ನಮಗೆ ಹತ್ತು ರೂಪಾಯಿಯ ಅರ್ಜಿ ನೆನಪಾಗುತ್ತದೆ. ಅದರ 4ನೆಯ ಪ್ರಕರಣವನ್ನು ಓದುವವರು ಕಡಿಮೆ. ಯಾರೂ ಅರ್ಜಿ ಹಾಕದೆಯೇ ಪ್ರಾಧಿಕಾರವು ತಾನಾಗಿ ಹೇಳಬೇಕಾದದ್ದು ಅಲ್ಲಿದೆ: ಜನರ ಮೇಲೆ ಪರಿಣಾಮ ಬೀರುವ ನಿರ್ಧಾರಗಳನ್ನು ಪ್ರಕಟಿಸುವಾಗ ಸಂಬಂಧಪಟ್ಟ ಎಲ್ಲ ಸಂಗತಿಗಳನ್ನು ಪ್ರಕಟಿಸಬೇಕು, ಆಡಳಿತದ ನಿರ್ಧಾರಗಳ ಕಾರಣಗಳನ್ನು ಬಾಧಿತರಿಗೆ ಕೊಡಬೇಕು. ಹಾಗೆ ತಿಳಿಸುವಾಗ ವೆಚ್ಚ, ಸ್ಥಳೀಯ ಭಾಷೆ ಮತ್ತು ಅತ್ಯಂತ ಪರಿಣಾಮಕಾರಿಯಾದ ಮಾರ್ಗ ಇವನ್ನು ಗಮನಿಸಬೇಕೆಂದೂ ಅದೇ ಪ್ರಕರಣ ಹೇಳುತ್ತದೆ. ಒಂದನೆಯ ತರಗತಿಯ ಪಾಲಕನಿಗಿಂತ ಬಾಧಿತನು ಈ ವಿಷಯದಲ್ಲಿ ಇನ್ನಾರು? ಮಗುವಿನ ಚೀಲಕ್ಕಿಂತ ಪರಿಣಾಮಕಾರಿಯಾದ ಮಾರ್ಗ ಇನ್ನಾವುದು? ಅದು ದಿನವೂ ಮನೆಗೆ ಹೋಗುತ್ತದೆ, ಅಂಚೆಯ ಖರ್ಚೂ ಇಲ್ಲ.

ಶಿಕ್ಷಣ ಹಕ್ಕು ಕಾಯ್ದೆಯ 21ನೆಯ ಪ್ರಕರಣದಂತೆ ಸರ್ಕಾರಿ ಮತ್ತು ಅನುದಾನಿತ ಶಾಲೆಗಳಲ್ಲಿ ನಿರ್ವಹಣಾ ಸಮಿತಿ ಇರಬೇಕು. ಅದರಲ್ಲಿ ಮುಕ್ಕಾಲು ಪಾಲು ಪಾಲಕರು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರು. ಅನುದಾನವಿಲ್ಲದ ಖಾಸಗಿ ಶಾಲೆಗೆ ಇದು ಅನ್ವಯಿಸುವುದಿಲ್ಲ. ಅಲ್ಲಿ ಮಹಾರಾಷ್ಟ್ರದ 2011ರ ಶುಲ್ಕ ನಿಯಂತ್ರಣ ಕಾಯ್ದೆಯಿಂದ ಬಂದ ಪಾಲಕ-ಶಿಕ್ಷಕ ಸಂಘವಿದೆ, ಆದರೆ ಅದರ ಕಣ್ಣು ಶುಲ್ಕದ ಲೆಕ್ಕದ ಮೇಲೆ. ನಮ್ಮಲ್ಲೂ ಇದೆ, ಫೀಸು ಏರಿದಾಗ ಸಭೆ ಸೇರುತ್ತದೆ. ಭಾಷೆಯೊಂದು ಬಂದು ಹೋದಾಗ ಸೇರಲಿಲ್ಲ.

ಬೇರೆಯವರ ಮನೆಯ ಒಂದು ರೂಢಿಯನ್ನೂ ಹೇಳುತ್ತೇನೆ, ಅಲ್ಲಿ ನೆಲೆಸಿರುವ ನಮ್ಮ ಓದುಗರಿಗೆ ಗೊತ್ತಿರಬಹುದು. ಕ್ಯಾಲಿಫೋರ್ನಿಯದ ಶಿಕ್ಷಣ ಸಂಹಿತೆಯ ಪ್ರಕಾರ ಒಂದು ಸರ್ಕಾರಿ ಶಾಲೆಯ ಮಕ್ಕಳಲ್ಲಿ ಶೇಕಡಾ 15ರಷ್ಟು ಅಥವಾ ಹೆಚ್ಚಿನವರ ಮನೆಮಾತು ಇಂಗ್ಲಿಷೇತರ ಭಾಷೆಯೊಂದಾಗಿದ್ದರೆ ಪಾಲಕರಿಗೆ ಹೋಗುವ ಸೂಚನೆಗಳು ಇಂಗ್ಲಿಷಿನ ಜೊತೆ ಆ ಭಾಷೆಯಲ್ಲೂ ಇರಬೇಕು. ಅಲ್ಲಿಗೆ ವಲಸೆ ಹೋದ ಕನ್ನಡಿಗರು ಹೆಚ್ಚಿನವರು ಇಂಗ್ಲಿಷ್ ಬಲ್ಲವರು, ಅವರಿಗೆ ಅದರ ಅಗತ್ಯವಿಲ್ಲ. ಅಫಜಲಪುರದಿಂದ ಸಂಭಾಜಿನಗರಕ್ಕೆ ವಲಸೆ ಹೋದ ಕನ್ನಡಿಗನಿಗೆ ಇದೆ. ಶಾಲೆ ಕನ್ನಡದಲ್ಲಿ ಬರೆಯಲಿ ಎಂದು ನಾನು ಕೇಳುವುದಿಲ್ಲ. ಸರಳ ಮರಾಠಿಯಲ್ಲಿ ಕಾಗದದ ಮೇಲೆ ಬರೆಯಲಿ ಸಾಕು. ಕಾಗದವಾದರೆ ಓದಿ ಹೇಳುವವರು ಎಲ್ಲೋ ಒಬ್ಬರು ಸಿಗುತ್ತಾರೆ. ಬಾಯಿಮಾತನ್ನು ಯಾರ ಹತ್ತಿರ ಒಯ್ದು ಓದಿಸುವುದು?

ಇಷ್ಟು ಓದಿ ಮಹಾರಾಷ್ಟ್ರದ ಮೇಲೆ ಬೆರಳು ತೋರಿಸಿ ನಾವು ಸುಮ್ಮನಾಗುವಂತಿಲ್ಲ. 2024ರ ಮಾರ್ಚ್‌ನಲ್ಲಿ ನಮ್ಮದೇ ಕರ್ನಾಟಕದಲ್ಲಿ 5, 8, 9ನೆಯ ತರಗತಿಗಳ ಮಂಡಳಿ ಪರೀಕ್ಷೆಗೆ ಆದ ಗತಿ ನೆನಪಿದೆಯೆ? ಹೈಕೋರ್ಟಿನ ಏಕಸದಸ್ಯ ಪೀಠ ರದ್ದು ಮಾಡಿತು, ವಿಭಾಗೀಯ ಪೀಠ ಅವಕಾಶ ಕೊಟ್ಟಿತು, 11ರಂದು ಪರೀಕ್ಷೆ ಶುರುವಾಗಿ ಸುಪ್ರೀಂ ಕೋರ್ಟಿನ ತಡೆಯಿಂದ ಎರಡೇ ದಿನಕ್ಕೆ ನಿಂತಿತು, ತಿಂಗಳ ಕೊನೆಯ ವಾರ ಮತ್ತೆ ನಡೆಯಿತು, ಏಪ್ರಿಲ್ 8ರಂದು ಫಲಿತಾಂಶಕ್ಕೆ ತಡೆ ಬಂತು. ಹತ್ತು ವರ್ಷದ ಮಕ್ಕಳು ಅರ್ಧ ಪರೀಕ್ಷೆ ಬರೆದು ಮನೆಗೆ ಬಂದು "ನಾಳೆ ಇದೆಯಾ?" ಎಂದು ಕೇಳಿದರೆ ತಾಯಂದಿರು ಟಿವಿ ಹಚ್ಚುತ್ತಿದ್ದರು. ಇನ್ನು ಒಂದನೆಯ ತರಗತಿಗೆ ಆರು ವರ್ಷ ತುಂಬಿರಬೇಕೆಂಬ ನಿಯಮ. ಎರಡು ವರ್ಷ ಮುಂದೂಡಿದ ಅದನ್ನು 2025ರ ಏಪ್ರಿಲ್‌ನಲ್ಲಿ, ಪ್ರವೇಶದ ಹೊತ್ತಿಗೆ, ಆ ವರ್ಷದ ಮಟ್ಟಿಗೆ ಐದೂವರೆಯ ಹತ್ತಿರಕ್ಕೆ ಸಡಿಲಿಸಿದರು. ಸಡಿಲಿಸಿದ್ದು ತಪ್ಪೆನ್ನುವುದಿಲ್ಲ. ಅಷ್ಟರಲ್ಲಿ ಮಗುವನ್ನು ಮತ್ತೊಂದು ವರ್ಷ ಯುಕೆಜಿಯಲ್ಲೇ ಕೂರಿಸಲು ಶುಲ್ಕ ಕಟ್ಟಿದ ನನ್ನ ತಂಗಿಗೆ ತಿಳಿದದ್ದು ಪಕ್ಕದ ಮನೆಯವರಿಂದ.

ನಮ್ಮ ಸಂಘಗಳ ಪಾಲೂ ಇದೆ. ರಾಜ್ಯೋತ್ಸವದ ಆಮಂತ್ರಣ ಪತ್ರಿಕೆಯನ್ನು ಮನೆ ಮನೆಗೆ ತಲುಪಿಸುವ ಕೌಶಲ ನಮಗಿದೆ. ಊಟದ ಕೂಪನ್ ತಪ್ಪದೆ ಮುಟ್ಟುತ್ತದೆ. ಆ ಹನ್ನೆರಡು ದಿನಗಳಲ್ಲಿ "ಕನ್ನಡ ಕೇಳಬಹುದಂತೆ, ಯಾರ ಮಕ್ಕಳು ಯಾವ ಶಾಲೆಯಲ್ಲಿದ್ದಾರೆ ತಿಳಿಸಿ" ಎಂದು ಒಂದು ಸಾಲು ನಮ್ಮಿಂದಲೂ ಹೋಗಲಿಲ್ಲ. ನಾನೂ ಕಳಿಸಲಿಲ್ಲ. ಆದೇಶದ ಪೂರ್ತಿ ಪಾಠವನ್ನು ನಾನು ಓದಿದ್ದೇ ಅದು ರದ್ದಾದ ಮೇಲೆ.

ಜಾಧವ್ ಸಮಿತಿ ಜನರ ಅಭಿಪ್ರಾಯ ಕೇಳಲು ಊರೂರಿಗೆ ಬಂತು, ಅಕ್ಟೋಬರ್‌ನಲ್ಲಿ ಸಂಭಾಜಿನಗರಕ್ಕೆ, ನವೆಂಬರ್‌ನಲ್ಲಿ ನಾಸಿಕಕ್ಕೆ. ಕೇಳುವ ಮನಸ್ಸು ಮಾಡಿದ್ದು ದೊಡ್ಡದು, ಏಪ್ರಿಲ್‌ನ ಮೊದಲೇ ಮಾಡಿದ್ದರೆ ಇನ್ನೂ ದೊಡ್ಡದಾಗುತ್ತಿತ್ತು. ನಾಸಿಕದ ಸಭೆಯ ವಿಷಯ ನನಗೆ ಗೊತ್ತಾದದ್ದು ಮರುದಿನ, ಕ್ಯಾಂಟೀನಿನಲ್ಲಿ, ಬೇರೊಬ್ಬರ ಪತ್ರಿಕೆಯಿಂದ. ಮಗಳ ಚೀಲದಲ್ಲಿ ಆ ವಾರ ಮಕ್ಕಳ ದಿನಾಚರಣೆಯ ವೇಷಭೂಷಣದ ಚೀಟಿಯಿತ್ತು.

ಆ ಸಂಜೆ ಶಾಲೆಗೆ ಒಂದು ಅರ್ಜಿ ಬರೆದೆ. ಮುಂದಿನ ವರ್ಷದ ಭಾಷೆ, ಪಠ್ಯ, ವೇಳಾಪಟ್ಟಿ ಯಾವುದೇ ಬದಲಾದರೂ ಪಾಲಕರಿಗೆ ಲಿಖಿತವಾಗಿ ತಿಳಿಸಬೇಕು. ತಿಳಿಯದಿದ್ದರೆ ತಿಳಿದಿಲ್ಲ ಎಂದು ತಿಳಿಸಬೇಕು. ಸ್ವೀಕೃತಿಯ ಮೊಹರು ಹಾಕಿಸಿಕೊಂಡು ಬಂದಿದ್ದೇನೆ. ಇದನ್ನು ಓದುವ ಪಾಲಕರು ಯಾವ ಊರಿನಲ್ಲೇ ಇರಲಿ, ನಿಮ್ಮ ಶಾಲೆಗೂ ಒಂದು ಬರೆಯಿರಿ, ಮೊಹರು ಹಾಕಿಸಿಕೊಳ್ಳಿ. ಪಕ್ಕದಲ್ಲಿ ಓದು ಬಾರದ ಕನ್ನಡದ ಮನೆಯಿದ್ದರೆ ಅವರ ಪರವಾಗಿಯೂ ಬರೆದುಕೊಡಿ. ನನ್ನ ಅರ್ಜಿಗೆ ನವೆಂಬರ್ ಕೊನೆಯ ಈ ವಾರದವರೆಗೆ ಉತ್ತರ ಬಂದಿಲ್ಲ, ಸಮಿತಿಯ ವರದಿಯೂ ಬಂದಿಲ್ಲ.

ಮೊನ್ನೆ ಕಾವಲುಗಾರನ ಫೋನು ಬಂದಿತ್ತು. ಹುಡುಗ ಊರಿನ ಶಾಲೆಯಲ್ಲಿ ಚೆನ್ನಾಗಿ ಓದುತ್ತಾನಂತೆ, ರಾತ್ರಿ ಮಾತ್ರ ಅವ್ವನನ್ನು ನೆನೆದು ಅಳುತ್ತಾನಂತೆ. ಬರುವ ಜೂನಿಗೆ ವಾಪಸು ಕರೆದುಕೊಂಡು ಬಂದರೆ ಎರಡನೆಯ ತರಗತಿಗೆ ಯಾವ ಯಾವ ಭಾಷೆ ಇರುತ್ತವೆ ಎಂದು ಕೇಳಿದ. ನನಗೆ ಗೊತ್ತಿಲ್ಲ ಎಂದೆ. "ಗೊತ್ತಾದ ಕೂಡ್ಲೇ ಒಂದು ಫೋನ್ ಮಾಡ್ರಿ ಸರ" ಎಂದು ಇಟ್ಟ.